ಒಂಬತ್ತು ಅಂಕಿಯ ಚೀಲ: ಹತ್ತನೇ ಮನೆ

ಹೊನ್ನವ್ವ ಚೀಲದ ಬಾಯಿ ಬಿಚ್ಚಿಸಿ, ಮೊಣಕೈ ಮುಳುಗುವವರೆಗೆ ಒಳಗೆ ಕೈ ಹಾಕಿ, ಅಡಿಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದಳು. ಒಂದನ್ನು ಮುರಿದಳು. ಮೂಸಿದಳು. ಬೀಜವನ್ನು ಅಂಗೈ ಮೇಲೆ ಉದುರಿಸಿಕೊಂಡು ಬಲ್ಬಿನ ಬೆಳಕಿಗೆ ಹಿಡಿದಳು. ಆಮೇಲೆ ಅಷ್ಟನ್ನೂ ವಾಪಸು ಚೀಲಕ್ಕೆ ಸುರಿದು ಸೆರಗಿಗೆ ಕೈ ಒರೆಸಿಕೊಂಡಳು.

"ಇದು ನನ್ನ ಕಾಯಿ ಅಲ್ರಿ ಮೇಡಮ್ಮಾರ," ಎಂದಳು.

ಕುಪ್ಪೇಲೂರಿನ ಈ ಮುದುಕಿ ತನ್ನ ಬೀಜದ ಚೀಲ ಕಳುವಾಗಿದೆಯೆಂದು ದೂರು ಕೊಟ್ಟದ್ದು ಮೊನ್ನೆ. ಕಳುವೇ ಆಗಿಲ್ಲ, ಚೀಲ ಇಲ್ಲೇ ಇದೆ ನೋಡಿ ಎಂದು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಶಶಿಕಾಂತ ಎಲ್ಲರನ್ನೂ ಕರೆಸಿದ್ದು ಇವತ್ತು.

ಪಿಎಸ್‌ಐ ಭುವನಾ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಥಂಡಿ, ಅದರ ಮೇಲೆ ಮೂಗಿನೊಳಗೆ ನುಗ್ಗುವ ಮೆಣಸಿನ ಘಾಟು. ಮೂರು ಸಲ ಸೀನಿ ಆಗಿತ್ತು. ಹಾವೇರಿಯಿಂದ ಮೇಲಿನ ಸಾಹೇಬರು ಬೆಳಿಗ್ಗೆಯೇ ಫೋನು ಮಾಡಿ, ಒಂದು ಚೀಲ ಮೆಣಸಿನಕಾಯಿಗೆ ಇನ್ನೂ ಎಷ್ಟು ಹೊತ್ತಮ್ಮಾ ಎಂದು ಕೇಳಿದ್ದರು.

ಶಶಿಕಾಂತ ಕೊರಳಿನ ಮಫ್ಲರ್ ಸರಿಮಾಡಿಕೊಂಡ. ತಂಪಿನಲ್ಲಿ ಇಟ್ಟ ಕಾಯಿಯ ವಾಸನೆ ಒಂಚೂರು ಬದಲಾಗುತ್ತದೆ, ಅಜ್ಜಿಗೆ ವಯಸ್ಸಾಗಿದೆ, ಪಾಪ, ಎಂದೆಲ್ಲ ನಯವಾಗಿ ಹೇಳಿದ. ಕೊನೆಗೆ ಚೀಲದ ಮೇಲಿನ ಮಾರ್ಕಿನ ಮೇಲೆ ಬೆರಳಿಟ್ಟ. ಎಲ್ಲ ರೈತರೂ ಚೀಲದ ಮೇಲೆ ಹೆಸರಿನ ಎರಡಕ್ಷರ ಬರೆಸಿದರೆ ಹೊನ್ನವ್ವನದು ಮಾತ್ರ ಉದ್ದದ ಒಂದು ಸಂಖ್ಯೆ. ಕಪ್ಪು ಬಣ್ಣದಲ್ಲಿ ಸಾಲಾಗಿ ನಿಂತಿತ್ತು:

381954726

"ಇಂಥಾ ಮಾರ್ಕು ಇಡೀ ಪ್ಯಾಟ್ಯಾಗ ಇನ್ನೊಬ್ರದು ಐತೇನ್ರಿ? ಒಂಬತ್ತೂ ಅಂಕಿ ಅದಾವ. ಚೀಲಾ ತಗೊಂಡು ಹೋಗಾಕ ಹೇಳ್ರಿ ಮೇಡಂ."

ಹೊನ್ನವ್ವ ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಕಳುವಾದ ಅವಳ ಚೀಲದಲ್ಲಿದ್ದದ್ದು ಅಡುಗೆಗೆ ಹಾಕುವ ಕಾಯಿಯಲ್ಲ. ಹೊನ್ನವ್ವನ ಅತ್ತೆಯ ಕಾಲದಿಂದ ವರ್ಷವರ್ಷವೂ ಗಿಡಗಿಡ ನೋಡಿ ಆರಿಸಿದ ಬೀಜದ ಕಾಯಿ. ಬಣ್ಣವೆಂದರೆ ಕುಂಕುಮ, ಪರಿಮಳವೆಂದರೆ ಮೂರು ಮನೆ ಆಚೆಗೂ ಗೊತ್ತಾಗಬೇಕು. ಮನೆಯಲ್ಲಿ ಇಲಿಗಳ ಕಾಟವೆಂದು ಈ ಸಲ ಒಂದು ಕಾಯಿಯನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಇಲ್ಲಿ ತಂದಿಟ್ಟಿದ್ದಳು. ಬಿತ್ತನೆಗೆ ಕಾಯುವ ಮಿರಗದ ಮಳೆ ಇನ್ನೇನು ಬಾಗಿಲಲ್ಲಿದೆ. ಅಷ್ಟರೊಳಗೆ ಆ ಬೀಜ ಸಸಿಮಡಿಗೆ ಬೀಳದಿದ್ದರೆ ಆ ತಳಿ ಮುಗಿಯಿತು, ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಅವಳು ಸೊಂಟದ ಚೀಲದಿಂದ ಮೊಬೈಲು ತೆಗೆದು ಮತ್ತೆ ಮಗಳಿಗೆ ಹಚ್ಚಿದಳು. ಮಗಳು ಮೇಘಾ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನೌಕರಿಗಿದ್ದಳು. ಬೆಳಿಗ್ಗೆಯಿಂದ ಫೋನು ಎತ್ತಿರಲಿಲ್ಲ. ಕೆಲಸ ಭಾಳ ಇರತೇತಿ ಪಾಪ, ಎಂದು ಹೊನ್ನವ್ವ ತಾನೇ ಸಮಾಧಾನ ಹೇಳಿಕೊಂಡು ಮೊಬೈಲು ಒಳಗಿಟ್ಟಳು.

ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತು, ಮಂಜು ಹಿಡಿದ ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದವರು ಅವಳ ತಮ್ಮ ಮಾಲತೇಶಪ್ಪ. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಚೀಲದ ಮೇಲೆ ಈ ಸಂಖ್ಯೆ ಬರೆಸಿದ್ದೂ ಅವರೇ. ಕನ್ನಡಕ ಏರಿಸಿ, ಬಗ್ಗಿ, ಅಂಕಿಗಳ ಮೇಲೆ ಬೆರಳಾಡಿಸುತ್ತಾ ಹೋದರು. ನಾಲ್ಕನೆಯದಕ್ಕೆ ಬೆರಳು ನಿಂತಿತು. ಮಾಸ್ತರು ನಕ್ಕೇಬಿಟ್ಟರು.

"ಅಕ್ಕಾ, ನಿನ್ನ ಮೂಗು ಖರೇ ಹೇಳೇತಿ. ಇದು ನಮ್ಮ ಸಂಖ್ಯಾನ ಅಲ್ಲ."

ಶಶಿಕಾಂತ ಏನೋ ಹೇಳಲು ಬಾಯಿ ತೆರೆದ. ಹೊರಗೆ ಲಾರಿಯವನು ಹಾರ್ನು ಹಾಕಿ ಕರೆದ. ಹೋಗಿ ಬನ್ನಿ, ನಾವು ಇಲ್ಲೇ ಇರುತ್ತೇವೆ ಎಂದು ಭುವನಾ ಅವನನ್ನು ಕಳಿಸಿಕೊಟ್ಟಳು.

ಭುವನಾಳಿಗೂ ಗಣಿತಕ್ಕೂ ಶಾಲೆಯಲ್ಲಿದ್ದಾಗಲೇ ಮಾತು ಬಿಟ್ಟಿತ್ತು. ಪರೀಕ್ಷೆಯ ಹಿಂದಿನ ದಿನ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಒಡೆಸಿಯೇ ಪಾಸಾದವಳು ಅವಳು. ಹಾಗಾಗಿ ಮಾಸ್ತರು ಅಂಗಳಕ್ಕೆ ಬಂದು, ಜೀಪಿನ ಬಾನೆಟ್ಟಿನ ಕೆಂಧೂಳಿನ ಮೇಲೆ ಬೆರಳಿನಿಂದ ಸಂಖ್ಯೆ ಬರೆಯತೊಡಗಿದಾಗ, ತಪ್ಪಿಸಿಕೊಳ್ಳಲು ಏನಾದರೂ ನೆಪ ಸಿಕ್ಕೀತೇ ಎಂದು ಅತ್ತಿತ್ತ ನೋಡಿದಳು. ಸಿಗಲಿಲ್ಲ.

381654729

ಮಾಸ್ತರು ಮೊದಲ ಎರಡು ಅಂಕಿ ಮಾತ್ರ ಕಾಣುವಂತೆ ಉಳಿದದ್ದರ ಮೇಲೆ ಅಂಗೈ ಅಡ್ಡ ಹಿಡಿದರು. ಮೂವತ್ತೆಂಟು. ಎರಡರಿಂದ ಭಾಗಿಸಿ ನೋಡಿ ಎಂದರು. ಹೋಗುತ್ತದೆ. ಕೈಯನ್ನು ಒಂದು ಮನೆ ಸರಿಸಿದರು. ಸಂಖ್ಯೆಯಲ್ಲಿ ಒಂದೊಂದು ಅಂಕಿ ಕೂರುವ ಜಾಗಕ್ಕೆ ಅವರು ಮನೆ ಎನ್ನುತ್ತಿದ್ದರು. ಮೂರು ಮನೆಯಾದಾಗ ಮುನ್ನೂರ ಎಂಬತ್ತೊಂದು. ಮೂರರಿಂದ ಭಾಗವಾಗುತ್ತದೆ. ನಾಲ್ಕನೇ ಮನೆ ತೆರೆದಾಗ 3816, ನಾಲ್ಕರಿಂದ ಭಾಗ. ಐದನೆಯದಕ್ಕೆ 38165, ಐದರಿಂದ. ಆರನೆಯದಕ್ಕೆ ಆರರಿಂದ.

ಏಳಕ್ಕೆ ಬಂದಾಗ ಭುವನಾ ಮೊಬೈಲು ತೆಗೆದು ತಾನೇ ಒತ್ತಿ ನೋಡಿದಳು. 3816547. ಏಳರಿಂದ ಭಾಗಿಸಿದಳು. ಚುಕ್ಕೆಯ ಮುಂದೆ ಏನೂ ಉಳಿಯಲಿಲ್ಲ. ಎಂಟಕ್ಕೂ ಉಳಿಯಲಿಲ್ಲ. ಒಂಬತ್ತಕ್ಕೂ ಉಳಿಯಲಿಲ್ಲ.

"ಅಯ್ಯೋ ಶಿವನೇ," ಎಂದಳು, ತನಗೇ ಗೊತ್ತಾಗದಂತೆ.

"ಒಂದರಿಂದ ಒಂಬತ್ತರ ತನಕ ಎಲ್ಲಾರೂ ಒಂದೊಂದ ಸಲ ಬಂದಾರ ನೋಡ್ರಿ. ಯಾರೂ ಎರಡು ಸಲ ಬಂದಿಲ್ಲ, ಯಾರನ್ನೂ ಬಿಟ್ಟಿಲ್ಲ. ಈ ಒಂಬತ್ತು ಮಂದೀನ ಸಾಲಾಗಿ ನಿಲ್ಲಸಾಕ ಮೂರು ಲಕ್ಷ ಅರವತ್ತೆರಡು ಸಾವಿರದ ಎಂಟುನೂರಾ ಎಂಬತ್ತು ಥರಾ ಐತಿ. ಅಷ್ಟರಾಗ ಹೆಜ್ಜಿ ಹೆಜ್ಜಿಗೂ ಹಿಂಗ ಲೆಕ್ಕಕ್ಕ ನಿಲ್ಲೂದು ಇದೊಂದ. ಇನ್ನೊಂದಿಲ್ಲ."

ಮಾಸ್ತರ ದನಿಯಲ್ಲಿ ಜಂಬವಿರಲಿಲ್ಲ. ಮೊಮ್ಮಗಳ ಗುಣ ಹೇಳುವ ಅಜ್ಜನ ಹಾಗಿತ್ತು ಅವರ ಮುಖ. ಭುವನಾ ಧೂಳಿನ ಮೇಲಿನ ಆ ಸಂಖ್ಯೆಯನ್ನು ನೋಡುತ್ತಲೇ ನಿಂತಳು. ಇಷ್ಟು ವರ್ಷ ತನ್ನನ್ನು ಹೆದರಿಸಲೆಂದೇ ಹುಟ್ಟಿವೆ ಎಂದುಕೊಂಡಿದ್ದ ಅಂಕಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು, ಒಬ್ಬರೂ ತಪ್ಪದೆ ನಿಂತಿದ್ದವು. ಚಂದವಿತ್ತು. ಖರೇ ಹೇಳಬೇಕೆಂದರೆ ಬಹಳ ಚಂದವಿತ್ತು.

ಈ ಸಾಲು ಯಾಕೆ ಒಂದೇ ಎನ್ನುವುದನ್ನೂ ಮಾಸ್ತರು ಹೇಳಿದರು. ಐದನೇ ಮನೆಯಲ್ಲಿ ಐದೇ ಕೂರಬೇಕು, ಯಾಕೆಂದರೆ ಸೊನ್ನೆ ಈ ಒಂಬತ್ತರಲ್ಲಿ ಇಲ್ಲ. ಎರಡು, ನಾಲ್ಕು, ಆರು, ಎಂಟನೇ ಮನೆಗಳಲ್ಲಿ ಸಮ ಅಂಕಿಗಳೇ ಬೇಕು, ಇಲ್ಲದಿದ್ದರೆ ಭಾಗವೇ ಆಗುವುದಿಲ್ಲ. ಉಳಿದ ಮನೆಗಳು ಬೆಸ ಅಂಕಿಗಳಿಗೆ. ಚೀಲದ ಮೇಲಿನ ಸಂಖ್ಯೆಯಲ್ಲಿ ನಾಲ್ಕನೇ ಮನೆಯಲ್ಲಿ ಒಂಬತ್ತು ಬಂದು ಕೂತಿದೆ. ಬೆಸ ಅಂಕಿ, ಸಮ ಮನೆ. ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ಚುಚ್ಚುತ್ತದೆ.

"ಹೆಸರಿನ ಅಕ್ಷರಾ ಯಾರರೆ ಬರದಾರು. ಇದನ್ನ ಒಂದಂಕಿ ತಪ್ಪಿ ಬರದ್ರ ಅದ ಬಾಯಿಬಿಟ್ಟು ಹೇಳತೇತಿ. ಅದಕ್ಕ ಅಕ್ಕನ ಬೀಜಕ್ಕ ಇದನ್ನ ಕೊಟ್ಟೆ."

ಹೊನ್ನವ್ವನಿಗೆ ಇದೆಲ್ಲ ಗೊತ್ತೇ ಎಂದು ಭುವನಾ ಕೇಳಿದಳು. ಇಲ್ಲ, ಅಕ್ಕನಿಗೆ ತನ್ನ ಮಾರ್ಕು ಉದ್ದದ್ದು ಎನ್ನುವುದಷ್ಟೇ ಗೊತ್ತು ಎಂದು ಮಾಸ್ತರು ನಕ್ಕರು. ಮನೆಯಲ್ಲಿ ಇದನ್ನು ಪ್ರೀತಿಯಿಂದ ಕಲಿತವಳು ಸೊಸಿ ಮೇಘಾ. ಅಕ್ಕನ ಮಗಳಾದ್ದರಿಂದ ಅವಳನ್ನು ಸೊಸಿ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಕಣದಲ್ಲಿ ಒಣಗಿದ ಮೆಣಸಿನಕಾಯಿ ಜೋಡಿಸಿ ಈ ಅಂಕಿಗಳನ್ನು ಬರೆಯುತ್ತಿದ್ದಳಂತೆ; ಒಂದು ಕಾಯಿ ಸೊಟ್ಟಗಾದರೂ ಎಲ್ಲ ಅಳಿಸಿ ಮತ್ತೆ ಜೋಡಿಸುವಳಂತೆ.

ಭುವನಾಳಿಗೆ ಉಮೇದು ಬಂದುಬಿಟ್ಟಿತ್ತು. ಒಂಬತ್ತಕ್ಕೇ ಯಾಕೆ ನಿಲ್ಲಬೇಕು, ಮುಂದೆ ಇನ್ನೊಂದು ಅಂಕಿ ಹಚ್ಚಿದರೆ ಹತ್ತರಿಂದ ಭಾಗವಾಗುವುದಿಲ್ಲವೇ ಎಂದು ಕೇಳಿದಳು. ಅಲ್ಲಿಯವರೆಗೆ ಕೇಳಿದ್ದಕ್ಕೆ ಒಂದಕ್ಕೆರಡು ಹೇಳುತ್ತಿದ್ದ ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಬಿಸಿಲಲ್ಲಿ ಅದಕ್ಕೆ ಮಂಜು ಹಿಡಿದಿರಲಿಲ್ಲ.

"ಅಕ್ಕ ಮುಂಜಾನಿಂದ ಚಾ ಕುಡದಿಲ್ರಿ," ಎಂದು ಹೇಳಿ, ಬೇವಿನ ಮರದ ಕೆಳಗೆ ಕೂತಿದ್ದ ಹೊನ್ನವ್ವನ ಕಡೆ ಹೋದರು.

ವಯಸ್ಸಾದವರು, ದಣಿವಾಗಿರಬೇಕು ಎಂದು ಭುವನಾ ಅಂದುಕೊಂಡಳು. ಅವಳ ತಲೆಯಲ್ಲಿ ಈಗ ಬೇರೆಯೇ ಓಡುತ್ತಿತ್ತು. ಸರಿಯಾದ ಸಂಖ್ಯೆಗೂ ಚೀಲದ ಮೇಲಿನದಕ್ಕೂ ಫರಕು ಎರಡೇ ಕಡೆ. ಆರು ಇರಬೇಕಾದಲ್ಲಿ ಒಂಬತ್ತು, ಒಂಬತ್ತು ಇರಬೇಕಾದಲ್ಲಿ ಆರು. ಉಳಿದ ಏಳೂ ಅಂಕಿ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ನೆನಪು ತಪ್ಪಿದವನು ಹೀಗೆ ಅಚ್ಚುಕಟ್ಟಾಗಿ ತಪ್ಪುವುದಿಲ್ಲ.

ಮಾರ್ಕು ಹೊಡೆಯುವ ದುರುಗೇಶನನ್ನು ಕರೆಸಿದಳು. ಗಟ್ಟಿಮುಟ್ಟು ಆಳು, ಅಂಗಿಯ ತೋಳಿಗೆಲ್ಲ ಕಪ್ಪು ಬಣ್ಣ. ಅಂಕಿ ಕೊರೆದ ತಗಡಿನ ಅಚ್ಚುಗಳು ತಂತಿಯಲ್ಲಿ ಪೋಣಿಸಿಕೊಂಡು ಬಾಗಿಲ ಮೊಳೆಗೆ ಸದಾ ನೇತಾಡುತ್ತಿರುತ್ತವೆ, ಯಾರು ಬೇಕಾದರೂ ಮುಟ್ಟಬಹುದು ಎಂದ. ಅಚ್ಚನ್ನು ಚೀಲದ ಮೇಲಿಟ್ಟು ಬ್ರಷ್ಷಿನಿಂದ ಬಣ್ಣ ಒತ್ತಿದರೆ ಅಂಕಿ ಮೂಡುತ್ತದೆ. ಪ್ರತಿ ಅಚ್ಚಿನ ತಲೆಯ ಕಡೆಗೆ ಒಂದು ತೂತು, ತಂತಿಗೆ ಪೋಣಿಸಲು. ಯಾವುದು ಮೇಲು ಯಾವುದು ಕೆಳಗು ಎನ್ನುವುದಕ್ಕೂ ಅದೇ ಗುರುತು.

ಭುವನಾ ಒಂದೊಂದಾಗಿ ನೋಡಿದಳು. ಒಂದು ಅಚ್ಚಿಗೆ ಮಾತ್ರ ಎರಡೂ ತುದಿಯಲ್ಲಿ ತೂತಿತ್ತು.

"ಇದ್ಯಾಕ ಹಿಂಗ?"

"ಅದು ಆರೂ ಹೌದು, ಒಂಬತ್ತೂ ಹೌದ್ರಿ. ತಿರುಗಿಸಿದ್ರ ಆತು. ಎರಡು ತಗಡು ಯಾಕ ಕೊರೀಬೇಕು?"

ಹಾಗಾದರೆ ನೀನೇ ಎಂದಾದರೂ ಉಲ್ಟಾ ಹೊಡೆದಿರಬಹುದಲ್ಲ ಎಂದರೆ ದುರುಗೇಶನಿಗೆ ಸಿಟ್ಟೇ ಬಂತು. ಇಲ್ಲಿನ ಪದ್ಧತಿ ವಿವರಿಸಿದ. ಚೀಲ ಮಲಗಿಸಿದ ಮೇಲೆ ದಬ್ಬಣ ಹಿಡಿದು ಹೊಲಿಯುವವನು ಬಾಯಿಯ ಕಡೆ ಕೂರುತ್ತಾನೆ, ಮಾರ್ಕಿನವನು ತಳದ ಕಡೆ. ಇಬ್ಬರೂ ಒಟ್ಟಿಗೆ ಕೆಲಸ ಮುಗಿಸಿ ಮುಂದಿನ ಚೀಲಕ್ಕೆ ಹೋಗುತ್ತಾರೆ. ತಳದ ಕಡೆ ಕೂತವನಿಗೆ ಅಂಕಿ ನೆಟ್ಟಗೆ ಕಾಣುತ್ತದೆ. ಆರು ಆರಾಗಿಯೇ ಕಾಣುತ್ತದೆ. ತಪ್ಪುವ ಮಾತೇ ಇಲ್ಲ.

ಭುವನಾ ಓಡುವುದೊಂದು ಬಾಕಿ, ಅಷ್ಟು ಲಗುಬಗೆಯಿಂದ ಚೀಲದ ಹತ್ತಿರ ಹೋದಳು. ಹೊನ್ನವ್ವ ಬಿಚ್ಚಿಸಿದ್ದ ಬಾಯಿಯ ಸುತಳಿ ಅಲ್ಲೇ ಬಿದ್ದಿತ್ತು. ಅದರ ಗಂಟಿನ ಮೇಲೆ ಕಪ್ಪು ಹೆಬ್ಬೆರಳಿನ ಗುರುತು. ಮೂಗಿಗೆ ಹಿಡಿದಳು. ಘಾಟಿನ ನಡುವೆಯೂ ಹಸಿ ಬಣ್ಣದ ವಾಸನೆ ಬಂತು. ತಿಂಗಳುಗಟ್ಟಲೆ ಹಿಂದೆ ಬರೆದ ಮಾರ್ಕು ಹೀಗೆ ನಾರುವುದಿಲ್ಲ. ಇದು ಮೊನ್ನೆ ದೂರು ಬಂದ ಮೇಲೆ ಹೊಡೆದದ್ದು.

ಹೊಲಿದವನೂ ಬಣ್ಣ ಹೊಡೆದವನೂ ಒಬ್ಬನೇ. ಹೊಲಿದು, ಕೂತ ಜಾಗದಿಂದ ಏಳದೆ, ಬಾಯಿಯ ಕಡೆಯಿಂದಲೇ ಮಾರ್ಕು ಹೊಡೆದು, ಬಣ್ಣದ ಕೈಯಲ್ಲೇ ಗಂಟು ಬಿಗಿದಿದ್ದಾನೆ. ಹಮಾಲರು ಯಾರೂ ಹಾಗೆ ಮಾಡುವುದಿಲ್ಲ. ಯಾರಿಗೂ ಗೊತ್ತಾಗದಂತೆ ಒಬ್ಬನೇ ಕೂತು ಮಾಡಿದವನು, ಈ ಕೋಣೆಯ ಕೀಲಿ ಇರುವವನು.

ಶಶಿಕಾಂತ ವಾಪಸು ಬಂದಾಗ ಆಫೀಸಿನ ನೆಲದ ಮೇಲೆ ಒಂದು ಖಾಲಿ ಚೀಲ ಹಾಸಿತ್ತು. ಪಕ್ಕದಲ್ಲಿ ಅಚ್ಚುಗಳು, ಬಣ್ಣದ ಡಬ್ಬಿ, ಬ್ರಷ್ಷು. ಮೇಜಿನ ಹಿಂದಿನ ಕುರ್ಚಿಯಲ್ಲಿ ಭುವನಾ ಕೂತಿದ್ದಳು.

"ಬರ್ರಿ ಸರ್. ನಮ್ಮ ಮಾಸ್ತರು ಮಾರ್ಕು ತಪ್ಪೇತಿ ಅಂತಾರ. ಈ ಅಚ್ಚಿನಿಂದ ಹೊಡದ್ರ ತಪ್ಪಾಕ ಸಾಧ್ಯ ಐತೋ ಇಲ್ಲೋ, ನೀವ ಒಮ್ಮೆ ಹೊಡದು ತೋರಸ್ರಿ."

"ನಾ ಮ್ಯಾನೇಜರ್ ಅದೇನ್ರಿ. ಬ್ರಷ್ ಮುಟ್ಟಿದಾವನಲ್ಲ."

"ಮುಟ್ಟದಾವರು ಹೊಡದ್ರೂ ತಪ್ಪೂದಿಲ್ಲ ಅಂದ್ರ ನಿಮಗ ಚಲೋ ಅಲ್ಲೇನ್ರಿ?"

ಶಶಿಕಾಂತನಿಗೆ ಇದು ಸರಿ ಎನ್ನಿಸಿತು. ತಪ್ಪು ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಭುವನಾ ಸರಿಯಾದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಚೀಲದ ಬಾಯಿಯ ಕಡೆ ಕೂರಲು ಹೇಳಿದಳು. ಅವನು ಪ್ಯಾಂಟು ಮೇಲೆಳೆದುಕೊಂಡು ಕೂತ. ಮೂರರ ಅಚ್ಚನ್ನು ತೂತು ತನ್ನ ಕಡೆಗೆ ಬರುವಂತೆ ತಿರುಗಿಸಿ, ತನ್ನ ಬಲಗೈ ಕಡೆಯಿಂದ ಇಟ್ಟ. ಹಗುರವಾಗಿ, ಬಣ್ಣ ಹರಡದಂತೆ ಬ್ರಷ್ಷು ಒತ್ತಿದ. ಆಮೇಲೆ ಎಂಟು. ಆಮೇಲೆ ಒಂದು.

ಬಾಗಿಲಲ್ಲಿ ನಿಂತಿದ್ದ ದುರುಗೇಶ ಬಾಯಿ ಮೇಲೆ ಬೆರಳಿಟ್ಟುಕೊಂಡ.

ನಾಲ್ಕನೆಯದು ಆರು. ಎರಡೂ ಕಡೆ ತೂತಿರುವ ಅಚ್ಚು. ಶಶಿಕಾಂತ ಅದನ್ನು ಆರರಂತೆ ಕಾಣುವ ಹಾಗೆ, ತನಗೆ ಕಾಣುವ ಹಾಗೆ ಇಟ್ಟ. ಒತ್ತಿದ. ಮುಂದೆ ಹೋದ. ಕೊನೆಗೆ ಅದೇ ಅಚ್ಚನ್ನು ತಿರುಗಿಸಿ ಒಂಬತ್ತೂ ಮುಗಿಸಿ, ಗೆದ್ದವನಂತೆ ತಲೆಯೆತ್ತಿದ.

ಭುವನಾ ಎದ್ದು ಬಂದು ಚೀಲದ ತಳದ ಕಡೆ ನಿಂತಳು. ಒಂದೊಂದೇ ಅಂಕಿ ಜೋರಾಗಿ ಓದಿದಳು. ಮೂರು, ಎಂಟು, ಒಂದು, ಒಂಬತ್ತು, ಐದು, ನಾಲ್ಕು, ಏಳು, ಎರಡು, ಆರು.

"ತೂತು ತನ್ನ ಕಡೆ ಬರಬೇಕಂತ ಬ್ರಷ್ ಮುಟ್ಟದಾವಂಗ ಹೆಂಗ ಗೊತ್ತಾತ್ರಿ ಸರ್?"

ಶಶಿಕಾಂತ ಚೀಲದ ಮೇಲಿನ ಅಂಕಿಗಳನ್ನು ನೋಡುತ್ತಾ ಕೂತಲ್ಲೇ ಕೂತ. ಮಫ್ಲರ್ ಜಾರಿ ಹಸಿ ಬಣ್ಣದೊಳಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಎರಡೂ ಕೈ ಜೋಡಿಸಿದ. ಮೊನ್ನೆ ಹೊನ್ನವ್ವ ಬೀಜ ಒಯ್ಯಲು ಬಂದಾಗಲೇ ಚೀಲ ಇರಲಿಲ್ಲ ಎಂದ. ನೌಕರಿ ಹೋಗುತ್ತದೆಂದು ಹೆದರಿ, ಅವಳು ದೂರು ಕೊಟ್ಟ ಮೇಲೆ ಹೊರಗಿನ ಕಾಯಿ ತುಂಬಿ, ಹೊಲಿದು, ತನ್ನ ಮೊಬೈಲಿನಲ್ಲಿದ್ದ ಹಳೆಯ ಫೋಟೋ ನೋಡಿಕೊಂಡು ಮಾರ್ಕು ಹೊಡೆದಿದ್ದ. ಆಮೇಲೆ ಆ ಫೋಟೋ ಅಳಿಸಿದ್ದ.

"ಮೋಸಾ ಮಾಡೇನಿ, ಒಪ್ಪತೇನ್ರಿ. ಆದ್ರ ಅಜ್ಜಿ ಬೀಜ ನಾ ಮುಟ್ಟಿಲ್ಲ. ಹೋಗಿದ್ದನ್ನ ಮುಚ್ಚಾಕ ಹೋಗಿ ಸಿಕ್ಕೊಂಡೇನಿ."

ಭುವನಾ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸುಳ್ಳನೆಂದು ಈಗಷ್ಟೇ ಸಾಬೀತಾದವನು, ಆದರೆ ಇದು ನಂಬುವಂತಿತ್ತು. ಕದ್ದವನಾಗಿದ್ದರೆ ನಕಲಿ ಚೀಲವನ್ನು ಮೊದಲೇ ಇಟ್ಟು ಕದಿಯುತ್ತಿದ್ದ, ದೂರು ಬಂದ ಮೇಲೆ ಎದ್ದುಬಿದ್ದು ಮಾಡುತ್ತಿರಲಿಲ್ಲ. ಹಾಗಾದರೆ ಅಸಲಿ ಚೀಲ? ಗೇಟಿನಲ್ಲಿ ಪ್ರತಿ ಚೀಲದ ಮಾರ್ಕನ್ನೂ ನೋಡಿಯೇ ಹೊರಗೆ ಬಿಡುತ್ತಾರೆ. ಸೆಣಬಿನ ಮೇಲೆ ಕೂತ ಬಣ್ಣ ತೊಳೆದರೆ ಹೋಗುವುದಿಲ್ಲ. ಇಷ್ಟುದ್ದದ ಮಾರ್ಕು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ?

"ಮೇಡಂ," ಎಂದು ದುರುಗೇಶ ಕೆಮ್ಮಿದ. "ಹೋದ ವಾರ ಲೋಡಿಂಗಿನ ಗದ್ದಲದಾಗ ಕೋಣಿ ಬಾಗಿಲಾ ತೆರದ ಇತ್ತು, ಗೇಟಿನ್ಯಾಗ ನಾನ ಇದ್ದೆ. ರಾಣೇಬೆನ್ನೂರಿನ ಟೆಂಪೋದಾಗ ಒಂದು ಉದ್ದ ಅಂಕಿ ಚೀಲಾ ಹೋತು. ಅಜ್ಜಿದ ಇರಬೇಕಂತ ಎಣಿಸಿ ನೋಡಿದೆ. ಅಜ್ಜಿ ಮಾರ್ಕು ಒಂಬತ್ತಂಕಿದು. ಅದು ಹತ್ತಂಕಿದಿತ್ತು. ಬ್ಯಾರೇದವ್ರದು ಅಂತ ಬಿಟ್ಟೆ."

"ಕೊನೀ ಅಂಕಿ ಯಾವುದಿತ್ತು?"

"ಸೊನ್ನಿ. ಒಂಚೂರು ಕೆಳಗ ಇಳದಿತ್ರಿ, ಅದಕ್ಕ ನೆನಪೈತಿ."

ಭುವನಾ ಚೀಟಿ ಎಳೆದುಕೊಂಡು ಒಂಬತ್ತು ಅಂಕಿಗಳ ಮುಂದೆ ಒಂದು ಸೊನ್ನೆ ಬರೆದಳು. 3816547290. ಹತ್ತು ಮನೆ. ಹತ್ತರಿಂದ ಭಾಗ. ಈ ಸಲ ಮೊಬೈಲು ಬೇಕಾಗಲಿಲ್ಲ.

ಮಾರ್ಕು ಬದಲಿಸಲು ಯಾವ ಅಂಕಿ ಹಚ್ಚಿದ್ದರೂ ನಡೆಯುತ್ತಿತ್ತು. ಒಂದು ಹಚ್ಚಬಹುದಿತ್ತು, ಏಳು ಹಚ್ಚಬಹುದಿತ್ತು, ಗೇಟಿನವನಿಗೆ ಎಲ್ಲವೂ ಒಂದೇ. ಈ ಕಳ್ಳ ಹಚ್ಚಿದ್ದು ಸಂಖ್ಯೆಯ ಲೆಕ್ಕ ಕೆಡದ ಒಂದೇ ಒಂದು ಅಂಕಿ. ಚೀಲ ಕದಿಯಲು ಮನಸ್ಸು ಬಂದಿದೆ, ಸಂಖ್ಯೆ ಕೆಡಿಸಲು ಮನಸ್ಸು ಬಂದಿಲ್ಲ. ಇಷ್ಟು ಚಂದದ ಕಳುವನ್ನು ಅವಳು ತನ್ನ ನೌಕರಿಯಲ್ಲಿ ನೋಡಿರಲಿಲ್ಲ, ಮೆಚ್ಚಿಗೆಯಾಯಿತು. ಅದರ ಬೆನ್ನಿಗೇ ಮಾಸ್ತರು ಕನ್ನಡಕ ಒರೆಸಿದ್ದು ನೆನಪಾಯಿತು.

ಅಂಗಳಕ್ಕೆ ಬಂದಳು. ಮಾಸ್ತರು ಜೀಪಿನ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು. ಬಾನೆಟ್ಟಿನ ಮೇಲಿನ ಸಂಖ್ಯೆ ಹಾಗೇ ಇತ್ತು. ಭುವನಾ ಅದರ ಕೊನೆಗೆ ಬೆರಳಿನಿಂದ ಒಂದು ಸೊನ್ನೆ ಬರೆದಳು.

"ನೀವು ಹಾಕಿದ್ರೇನ್ರಿ ಸರ್?"

"ಇಲ್ಲ." ಅವರ ದನಿ ಇಳಿದುಹೋಗಿತ್ತು. "ನೀವು ಹತ್ತನೇ ಮನಿ ಕೇಳಿದಾಗ, ಒಂದು ಸೊನ್ನಿ ಹಚ್ಚಿದ್ರ ಮಾರ್ಕ ಬದಲಾಗತೇತಲ್ಲ ಅಂತ ನನಗ ಒಂದು ಸಂಶೆ ಬಂತು. ಅದು ಸುಳ್ಳಾಗಲಿ ಅಂತ ದೇವರಿಗೆ ಕೈ ಮುಗಕೊಂತ ಇಲ್ಲೇ ನಿಂತೇನಿ. ಆ ಸೊನ್ನೀನ ನಾ ಒಬ್ಬರಿಗೆ ಮಾತ್ರ ಕಲಿಸೇನ್ರಿ ಮೇಡಂ. ಮೆಣಸಿನಕಾಯಿ ಜೋಡಿಸಿ ಕಲಿಸೇನಿ."

ಭುವನಾ ಉತ್ತರ ಕೊಡುವಷ್ಟರಲ್ಲಿ ಬೇವಿನ ಮರದ ಕೆಳಗಿನಿಂದ ಹೊನ್ನವ್ವ ಎದ್ದು ಬಂದಳು. ಕೈಯಲ್ಲಿ ಮೊಬೈಲು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಅರಳಿತ್ತು.

"ಮೇಡಮ್ಮಾರ, ನನ್ನ ಮಗಳು ಫೋನ್ ಎತ್ತಿದ್ಳು ನೋಡ್ರಿ. ಬೀಜಾ ಹೋಗೇತಿ ಅಂದ ಕೂಡ್ಲೆ ಅಳಾಕ ಹತ್ತಿದ್ಳು, ನನಗಿಂತ ಆಕಿಗೇ ಜಾಸ್ತಿ ಸಂಕಟ. ನೀವು ಚಿಂತಿ ಬಿಡ್ರಿ, ಹುಡುಕಾಕ ಆಕಿನೂ ಬರಾಕತ್ತಾಳ."